ನೀರು ಬರುತ್ತೆ ಅಂತ ಗೊತ್ತಿದ್ದವನು

ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಬಾಯಿಂದ ಬಾಯಿಗೆ ಓಡಾಡೋ ಒಂದು ಕಥೆ ಇದೆ. ಒಬ್ಬ ಇಂಜಿನಿಯರ್ ಐನೂರು ಕಿಲೋಮೀಟರ್ ದೂರದ ಮರುಭೂಮಿ ಊರಿಗೆ ಪೈಪಿನಲ್ಲಿ ನೀರು ತರ್ತೀನಿ ಅಂತ ಹೊರಟ. ಈ ತುದಿಯಲ್ಲಿ ಪಂಪ್ ಶುರುವಾಯ್ತು, ಆ ತುದಿಯಲ್ಲಿ ನಲ್ಲಿ ತಿರುಗಿಸಿದರು. ನೀರು ಬರಲಿಲ್ಲ. ಅವಮಾನ ತಡೆಯಲಾರದೆ ಆತ ಕುದುರೆ ಹತ್ತಿ ಸಮುದ್ರದ ಕಡೆ ಹೋಗಿ ಪ್ರಾಣ ಬಿಟ್ಟ. ಆಮೇಲೆ ನೀರು ಬಂತು. ಪಾಪ, ಇನ್ನೊಂದು ಸ್ವಲ್ಪ ಕಾದಿದ್ರೆ ಆಗ್ತಿತ್ತು.

ಕಥೆ ಚೆನ್ನಾಗಿದೆ, ಆದ್ರೆ ಸುಳ್ಳು. ಆ ಇಂಜಿನಿಯರ್ ಸತ್ತಿದ್ದು 1902ರ ಮಾರ್ಚ್ 10ರಂದು. ಪಂಪ್ ಉದ್ಘಾಟನೆ ಆಗಿದ್ದು 1903ರ ಜನವರಿಯಲ್ಲಿ. ನಡುವೆ ಹತ್ತು ತಿಂಗಳು. ಅಂದ್ರೆ ನಲ್ಲಿ ತಿರುಗಿಸೋ ಹೊತ್ತಿಗೆ ಆತ ಇರಲೇ ಇಲ್ಲ. ಹಾಗಾದ್ರೆ ಆತನನ್ನು ಕೊಂದಿದ್ದು ಏನು? ನೂರಿಪ್ಪತ್ತು ವರ್ಷ ಕಳೆದರೂ ಜನ ಸುಳ್ಳು ಕಥೆಯನ್ನೇ ಯಾಕೆ ಹೇಳ್ತಾರೆ? ಚಾರ್ಲ್ಸ್ ಯೆಲ್ವರ್ಟನ್ ಓಕಾನರ್ ಬಗ್ಗೆ ಬರೆಯೋಕೆ ಕೂತಾಗ ನನ್ನನ್ನು ಕಾಡಿದ್ದು ಇವೇ ಪ್ರಶ್ನೆಗಳು.

ಓಕಾನರ್ ಹುಟ್ಟಿದ್ದು 1843ರ ಜನವರಿ 11ರಂದು, ಐರ್ಲೆಂಡಿನ ಮೀತ್ ಕೌಂಟಿಯಲ್ಲಿ, ಗ್ರಾವೆಲ್‌ಮೌಂಟ್ ಅನ್ನೋ ಮನೆಯಲ್ಲಿ. ಜಮೀನಿದ್ದ ಕುಟುಂಬ, ಗಂಡುಮಕ್ಕಳಲ್ಲಿ ಕೊನೆಯವನು. ಆತನಿಗೆ ಎರಡು ಮುಗಿದು ಮೂರಕ್ಕೆ ಬಿದ್ದಿದ್ದಾಗ, 1845ರಲ್ಲಿ, ಐರ್ಲೆಂಡಿನ ಆಲೂಗಡ್ಡೆ ಬೆಳೆಗೆ ರೋಗ ಬಿತ್ತು. ಆ ದೇಶದ ಬಡವರು ಬದುಕಿದ್ದೇ ಆಲೂಗಡ್ಡೆ ಮೇಲೆ. ಹೊಲದಲ್ಲಿ ಗೆಡ್ಡೆ ಕೊಳೆತು ಕಪ್ಪಾಯ್ತು, ಮುಂದಿನ ವರ್ಷವೂ ಅದೇ ಗತಿ. ಐದಾರು ವರ್ಷದಲ್ಲಿ ಸುಮಾರು ಹತ್ತು ಲಕ್ಷ ಜನ ಹಸಿವು, ಜ್ವರಕ್ಕೆ ಸತ್ತರು, ಇನ್ನೂ ಹತ್ತು ಲಕ್ಷಕ್ಕೂ ಹೆಚ್ಚು ಜನ ಹಡಗು ಹತ್ತಿದರು. ಅದೇ ಹೊತ್ತಿನಲ್ಲಿ ಅದೇ ಬಂದರುಗಳಿಂದ ಧಾನ್ಯ, ದನ ಇಂಗ್ಲೆಂಡಿಗೆ ಹೋಗ್ತಾನೇ ಇದ್ವು ಅನ್ನೋದನ್ನು ಐರಿಶ್ ಜನ ಇವತ್ತಿಗೂ ಮರೆತಿಲ್ಲ.

ಓಕಾನರ್ ಕುಟುಂಬ ಹಸಿವಿನಿಂದ ಸಾಯಲಿಲ್ಲ, ಆದರೆ ಆಸ್ತಿ ಕರಗಿತು. ಹಸಿದ ಒಕ್ಕಲುಗಳಿಗೆ ನೆರವಾಗೋಕೆ ಅಪ್ಪ ಜಮೀನು ಮಾರಿದರು ಅಂತ ಮನೆತನದ ನೆನಪು ಹೇಳುತ್ತೆ. ಅಪ್ಪ ಜಾನ್ ಓಕಾನರ್ ಕೊನೆಗೆ ವಾಟರ್‌ಫರ್ಡ್ ಊರಿಗೆ ಬಂದು ಒಂದು ರೈಲ್ವೆ ಕಂಪನಿಯ ಕಾರ್ಯದರ್ಶಿಯಾದರು. ಜಮೀನ್ದಾರನ ಮಗ ಹೀಗೆ ರೈಲ್ವೆಯವನ ಮಗನಾದ. 17ನೇ ವಯಸ್ಸಿಗೆ ಜಾನ್ ಚಲೋನರ್ ಸ್ಮಿತ್ ಎಂಬ ರೈಲ್ವೆ ಇಂಜಿನಿಯರ್ ಹತ್ತಿರ ಕೆಲಸ ಕಲಿಯೋಕೆ ಸೇರಿದ. ಕಾಲೇಜು ಇಲ್ಲ, ಡಿಗ್ರಿ ಇಲ್ಲ. ಲೆವೆಲ್ ಹಿಡಿಯೋದು, ಮಣ್ಣು ಅಗೆಸೋದು, ಸೇತುವೆ ಅಳೆಯೋದು, ಎಲ್ಲವನ್ನೂ ಸೈಟಿನಲ್ಲೇ ಕಲಿತ. ನಾವು ನಾಲ್ಕು ವರ್ಷ ಇಂಟರ್ನಲ್ಸ್ ಬರೆದು ಕಲಿಯೋದನ್ನ ಆತ ಬೂಟು ಕೆಸರು ಮಾಡ್ಕೊಂಡು ಕಲಿತ.

1865ರಲ್ಲಿ, ಇಪ್ಪತ್ತೆರಡಕ್ಕೆ ಕಾಲಿಡೋ ಹೊತ್ತಿಗೆ, ನ್ಯೂಜಿಲೆಂಡಿಗೆ ಹೊರಟುಹೋದ. ಅಲ್ಲಿ ದಕ್ಷಿಣ ದ್ವೀಪದ ಪಶ್ಚಿಮ ಕರಾವಳಿಯ ಹೋಕಿಟಿಕದಲ್ಲಿ ಚಿನ್ನ ಸಿಕ್ಕಿತ್ತು. ಸರ್ಕಾರದ ಊರು ಕ್ರೈಸ್ಟ್‌ಚರ್ಚ್ ಇದ್ದದ್ದು ಪೂರ್ವದಲ್ಲಿ, ನಡುವೆ ಹಿಮದ ಆಲ್ಪ್ಸ್ ಬೆಟ್ಟಸಾಲು. ಆರ್ಥರ್ಸ್ ಪಾಸ್ ಕಣಿವೆಯ ಮೂಲಕ ಗಾಡಿ ಹೋಗೋ ರಸ್ತೆ ಬೇಕು, ಅದೂ ತಕ್ಷಣ. ಓಕಾನರ್ ಆ ಕೆಲಸದಲ್ಲಿ ಸಹಾಯಕ ಇಂಜಿನಿಯರ್. ಚಳಿ, ಮಳೆ, ಗುದ್ದಲಿ, ಸಿಡಿಮದ್ದು. 1866ರ ಮಾರ್ಚಿನಲ್ಲಿ ಆ ರಸ್ತೆಯಲ್ಲಿ ಗಾಡಿ ಓಡಿತು. ಆಮೇಲಿನ ವರ್ಷಗಳಲ್ಲಿ ಆತ ಅದೇ ಸೀಮೆಯಲ್ಲಿ ಚಿನ್ನದ ಮಣ್ಣು ತೊಳೆಯೋಕೆ ನೀರು ಹರಿಸುವ ಕಾಲುವೆಗಳನ್ನೂ ಮಾಡಿಸಿದ. ಚಿನ್ನ ಸಿಕ್ಕ ಕಡೆಗೆ ನೀರು ಒಯ್ಯೋದು ಹೇಗೆ ಅನ್ನೋ ಪಾಠ ಅಲ್ಲೇ ಆಯ್ತು.

ಹೋಕಿಟಿಕದಲ್ಲಿ ಐರಿಶ್ ಜನ ಬೇಕಾದಷ್ಟಿದ್ರು. ದೇಶ ಬಿಟ್ಟು ಭೂಮಿಯ ಆ ತುದಿಗೆ ಬಂದಿದ್ರೂ ನೆನಪು ಬಿಟ್ಟಿರಲಿಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಮೂವರು ಐರಿಶ್ ಹೋರಾಟಗಾರರನ್ನು ಗಲ್ಲಿಗೇರಿಸಿದ ಸುದ್ದಿ ಬಂದಾಗ, 1868ರ ಮಾರ್ಚಿನಲ್ಲಿ ಹೋಕಿಟಿಕದ ಜನ ಅವರಿಗಾಗಿ ಹೆಣವಿಲ್ಲದ ಶವಯಾತ್ರೆ ಮಾಡಿದರು. ಮೆರವಣಿಗೆ ಸ್ಮಶಾನಕ್ಕೆ ಹೋಗಿ ಒಂದು ಶಿಲುಬೆ ನೆಟ್ಟು ಬಂತು. ಸರ್ಕಾರ ನಡುಗಿತು, ಲಾರ್ಕಿನ್ ಅನ್ನೋ ಪಾದ್ರಿಯನ್ನೂ ಮ್ಯಾನಿಂಗ್ ಅನ್ನೋ ಪತ್ರಕರ್ತನನ್ನೂ ಜೈಲಿಗೆ ಹಾಕಿತು. ಅದೇ ವರ್ಷದ ಜನವರಿಯಲ್ಲಿ, ಹೌಗೋಮೌಂಟ್ ಎಂಬ ಹಡಗು ಪಶ್ಚಿಮ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್‌ಗೆ ಬಂದು 62 ಮಂದಿ ಐರಿಶ್ ಬಂಡುಕೋರ ಕೈದಿಗಳನ್ನು ಇಳಿಸಿತು. ಆಸ್ಟ್ರೇಲಿಯಾಕ್ಕೆ ಕೈದಿಗಳನ್ನು ಹೊತ್ತು ತಂದ ಕೊನೆಯ ಹಡಗು ಅದು. ಅವರಲ್ಲಿ ಆರು ಜನ 1876ರಲ್ಲಿ ಅಮೆರಿಕದ ಒಂದು ತಿಮಿಂಗಿಲ ಬೇಟೆ ಹಡಗು ಹತ್ತಿ ಪರಾರಿಯಾದದ್ದು ಇನ್ನೊಂದು ದೊಡ್ಡ ಸಾಹಸ. ಅದನ್ನ ಬರೆಯೋಕೆ ಇನ್ನೊಂದು ಸಂಚಿಕೆನೇ ಬೇಕು.

ಇದನ್ನೆಲ್ಲ ಹೇಳಿದ್ದು ಯಾಕಂದ್ರೆ, ಐರಿಶ್ ವಲಸಿಗ ಅಂದ ಕೂಡಲೇ ಒಂದೇ ಅಚ್ಚಿನ ಮನುಷ್ಯ ಅಲ್ಲ. ಫ್ರೀಮ್ಯಾಂಟಲ್ ಬಂದರಿನಲ್ಲಿ ಬೇಡಿ ಹಾಕ್ಕೊಂಡು ಇಳಿದವನೂ ಐರಿಶ್, ಇಪ್ಪತ್ಮೂರು ವರ್ಷ ಬಿಟ್ಟು ಅದೇ ಊರಿಗೆ ಚೀಫ್ ಇಂಜಿನಿಯರ್ ಆಗಿ ಇಳಿದ ಓಕಾನರ್ ಕೂಡ ಐರಿಶ್. ಒಬ್ಬ ಬ್ರಿಟಿಷ್ ಸರ್ಕಾರದ ಶತ್ರು, ಇನ್ನೊಬ್ಬ ಅದರ ನೌಕರ. ಇಬ್ಬರನ್ನೂ ಊರಿಂದ ಹೊರಡಿಸಿದ ಇತಿಹಾಸ ಮಾತ್ರ ಒಂದೇ.

(ನಮ್ಮೂರಿಗೂ ಇದರ ಒಂದು ಎಳೆ ಬಂದಿದೆ. ನ್ಯೂಜಿಲೆಂಡಿನ ಯುದ್ಧದಿಂದ ಬಂದು ಬೆಂಗಳೂರು ಕಂಟೋನ್ಮೆಂಟಿನಲ್ಲಿ ನೆಲೆಸಿದ ಮೈಕೆಲ್ ಲ್ಯಾವೆಲ್ ಎಂಬ ಐರಿಶ್ ಸೈನಿಕ 1870ರ ದಶಕದಲ್ಲಿ ಕೋಲಾರದಲ್ಲಿ ಚಿನ್ನ ಅಗೆಯೋಕೆ ಮೈಸೂರು ಸರ್ಕಾರದ ಅನುಮತಿ ತಗೊಂಡ. ಕೆಜಿಎಫ್ ಕಥೆಯ ಶುರು ಅಲ್ಲೇ. ಲ್ಯಾವೆಲ್ ರೋಡಿನಲ್ಲಿ ಕಾಫಿ ಕುಡಿಯೋವಾಗ ನೆನಪಿಸ್ಕೊಳ್ಳಿ.)

ಓಕಾನರ್ 1874ರಲ್ಲಿ ಕ್ರೈಸ್ಟ್‌ಚರ್ಚಿನ ಸುಸಾನ್ ನೆಸ್ ಅವರನ್ನು ಮದುವೆಯಾದ. ಮನೆ ತುಂಬ ಮಕ್ಕಳು. 1883ರಲ್ಲಿ ಲೋಕೋಪಯೋಗಿ ಇಲಾಖೆಯ ಅಧೀನ ಕಾರ್ಯದರ್ಶಿಯಾದ. ಆದರೆ ಎಲ್ಲರಿಗಿಂತ ಮೇಲಿನ ಹುದ್ದೆ ಬರಬೇಕಾದಾಗ ಅದು ಬೇರೆಯವರಿಗೆ ಹೋಯ್ತು, ಇವನಿಗೆ ಬಂದರುಗಳ ಇಂಜಿನಿಯರ್ ಅನ್ನೋ ಕುರ್ಚಿ ಸಿಕ್ತು. ಇಪ್ಪತ್ತೈದು ವರ್ಷ ದುಡಿದವನಿಗೆ ಅದು ನುಂಗಲಾರದ ತುತ್ತು.

ಆಗ ಬಂತು ಪಶ್ಚಿಮ ಆಸ್ಟ್ರೇಲಿಯಾದ ಕರೆ. ಅದು 1890ರಲ್ಲಷ್ಟೇ ಸ್ವಂತ ಸರ್ಕಾರ ಪಡೆದಿದ್ದ ವಸಾಹತು. ಪಶ್ಚಿಮ ಯುರೋಪಿನಷ್ಟು ದೊಡ್ಡ ಜಾಗ, ಜನಗಣತಿಯಲ್ಲಿ ಸಿಕ್ಕಿದ್ದು ಸುಮಾರು 50 ಸಾವಿರ ಜನ. ಆ ಲೆಕ್ಕದಲ್ಲಿ ಮೂಲನಿವಾಸಿಗಳನ್ನು ಸರಿಯಾಗಿ ಎಣಿಸಿರಲಿಲ್ಲ ಅನ್ನೋದೂ ಈ ಕಥೆಗೆ ಸೇರಬೇಕಾದ ಮಾತೇ. ಮುಖ್ಯಮಂತ್ರಿ ಜಾನ್ ಫಾರೆಸ್ಟ್ ತಂತಿ ಕಳಿಸಿ ಓಕಾನರ್‌ನನ್ನು ಕರೆದ. ನನ್ನ ಜವಾಬ್ದಾರಿ ಯಾವುದು, ರೈಲೋ ಬಂದರೋ ಅಂತ ಓಕಾನರ್ ಕೇಳಿದ. ಎಲ್ಲವೂ ನಿನ್ನದೇ ಅನ್ನೋ ಅರ್ಥದ ಉತ್ತರ ಬಂತು. 1891ರಲ್ಲಿ ಆತ ಫ್ರೀಮ್ಯಾಂಟಲ್‌ನಲ್ಲಿ ಇಳಿದ.

ಮೊದಲ ಕೆಲಸ ಬಂದರು. ಸ್ವಾನ್ ನದಿ ಸಮುದ್ರ ಸೇರೋ ಬಾಯಲ್ಲಿ ಸುಣ್ಣಕಲ್ಲಿನ ಒಂದು ಅಡ್ಡಗೋಡೆ ಇತ್ತು. ಅದರಿಂದ ದೊಡ್ಡ ಹಡಗು ಒಳಗೆ ಬರೋ ಹಾಗಿಲ್ಲ. ಬ್ರಿಟನ್ನಿನ ದೊಡ್ಡ ಹೆಸರಿನ ಬಂದರು ತಜ್ಞ ಸರ್ ಜಾನ್ ಕೂಡ್, ನದಿಯ ಬಾಯಿ ಒಡೆದರೆ ಮರಳು ತುಂಬಿಕೊಳ್ಳುತ್ತೆ, ಸಮುದ್ರದಲ್ಲೇ ಹೊರಬಂದರು ಕಟ್ಟಿ ಅಂತ ವರದಿ ಕೊಟ್ಟಿದ್ದ. ಓಕಾನರ್ ಅಲೆ, ಮರಳಿನ ಚಲನೆ ಎಲ್ಲ ಅಳೆಸಿದ, ಮರಳು ಅಷ್ಟು ಬರಲ್ಲ ಅಂತ ತೀರ್ಮಾನಿಸಿದ. ತಜ್ಞರ ಮಾತಿಗೂ, ಮೊದಮೊದಲು ಆ ಕಡೆಗೇ ವಾಲಿದ್ದ ಫಾರೆಸ್ಟ್‌ನಿಗೂ ಎದುರಾಗಿ ವಾದ ಮಾಡಿ ಗೆದ್ದ. ಬಂಡೆ ಸಿಡಿಸಿದರು, ನದಿಯ ತಳ ತೋಡಿದರು, ಎರಡೂ ಕಡೆ ಕಲ್ಲಿನ ತಡೆಗೋಡೆ ಚಾಚಿದರು. 1897ರ ಮೇ 4ರಂದು ಸುಲ್ತಾನ್ ಅನ್ನೋ ಹಡಗು ಒಳಬಂದರಿಗೆ ಬಂತು. ಆ ಬಂದರು ಇವತ್ತಿಗೂ ಆ ರಾಜ್ಯದ ಮುಖ್ಯ ಸರಕು ಬಂದರು. ಮರಳು ತುಂಬಲಿಲ್ಲ.

ಆ ಬಂಡೆಯ ಗೋಡೆಯನ್ನು ಇಲ್ಲಿಗೇ ಮರೀಬೇಡಿ, ಮತ್ತೆ ಬರುತ್ತೆ.

ಈ ನಡುವೆ 1892ರಲ್ಲಿ ಒಳನಾಡಿನ ಕೂಲ್ಗಾರ್ಡಿಯಲ್ಲಿ ಚಿನ್ನ ಸಿಕ್ಕಿತು. 1893ರ ಜೂನಿನಲ್ಲಿ ಇನ್ನೂ ಪೂರ್ವಕ್ಕೆ, ಈಗಿನ ಕಲ್ಗೂರ್ಲಿಯಲ್ಲಿ, ಪ್ಯಾಟ್ರಿಕ್ ಹ್ಯಾನನ್ ಮತ್ತು ಜೊತೆಗಾರರಿಗೆ ಅದಕ್ಕಿಂತ ದೊಡ್ಡ ಚಿನ್ನದ ಸೆಲೆ ಸಿಕ್ಕಿತು. ಹ್ಯಾನನ್ ಐರ್ಲೆಂಡಿನ ಕ್ಲೇರ್ ಕೌಂಟಿಯವನು, ಜೊತೆಗಿದ್ದ ಫ್ಲಾನಗನ್ ಮತ್ತು ಶೇ ಕೂಡ ಐರಿಶ್. ಸುದ್ದಿ ಹರಡಿ ಸಾವಿರಾರು ಜನ ನುಗ್ಗಿದರು. ನೆಲದಲ್ಲಿ ಚಿನ್ನ ಇತ್ತು, ನೀರು ಇರಲಿಲ್ಲ. ಮಳೆ ಕಡಿಮೆ, ನದಿ ಇಲ್ಲ, ಅಗೆದರೆ ಸಿಗೋದು ಸಮುದ್ರಕ್ಕಿಂತ ಉಪ್ಪಾದ ನೀರು. ಸೌದೆ ಹಾಕಿ ಆ ಉಪ್ಪುನೀರನ್ನ ಕುದಿಸಿ, ಹಬೆ ಹಿಡಿದು, ತಣಿಸಿ, ಗ್ಯಾಲನ್ ಲೆಕ್ಕದಲ್ಲಿ ಮಾರ್ತಿದ್ರು. ಸ್ನಾನ ಅನ್ನೋದು ಐಷಾರಾಮ. ಟೈಫಾಯ್ಡ್ ಬಂದು ಡೇರೆಗಳಲ್ಲೇ ಜನ ಸತ್ತರು. ಹಸಿವಿನಿಂದ ಓಡಿಬಂದವರ ಮಕ್ಕಳು ಇಲ್ಲಿ ದಾಹದಿಂದ ಸಾಯ್ತಿದ್ರು ಅಂತ ಬರೆದರೆ ಸಿನಿಮಾ ಡೈಲಾಗ್ ಥರ ಇರುತ್ತೆ, ಆದ್ರೆ ಆ ಗೋರಿಗಳ ಮೇಲೆ ಐರಿಶ್ ಹೆಸರುಗಳು ನಿಜಕ್ಕೂ ಇವೆ.

ಆ ನೆಲದಲ್ಲಿ ನೀರೇ ಇರಲಿಲ್ಲ ಅಂದೆ. ಪೂರ್ತಿ ಸರಿಯಲ್ಲ. ಗ್ರಾನೈಟ್ ಬಂಡೆಗಳ ಕುಳಿಗಳಲ್ಲಿ ಮಳೆನೀರು ನಿಲ್ಲುತ್ತಿತ್ತು. ಮೂಲನಿವಾಸಿಗಳು ಆ ಕುಳಿಗಳ ಬಾಯಿ ಮುಚ್ಚಿಟ್ಟು, ಇಷ್ಟೇ ಅಂತ ಬಳಸಿ, ಸಾವಿರಾರು ವರ್ಷ ಬದುಕಿದ್ದರು. ಚಿನ್ನಕ್ಕೆ ಬಂದವರ ಒಂಟೆ, ಕುದುರೆಗಳು ಅದನ್ನ ಒಂದೇ ಸಲಕ್ಕೆ ಖಾಲಿ ಮಾಡಿದವು. ಡೇವಿಡ್ ಕಾರ್ನೆಗಿ ಅನ್ನೋ ಅನ್ವೇಷಕ 1896ರಲ್ಲಿ ಮರುಭೂಮಿ ದಾಟುವಾಗ ಮೂಲನಿವಾಸಿಗಳನ್ನು ಹಿಡಿದು ಕಟ್ಟಿಹಾಕಿ ನೀರಿನ ಜಾಗ ತೋರಿಸುವಂತೆ ಮಾಡಿದ. ಅದನ್ನು ಆತನೇ ತನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದಾನೆ.

ಇಂಥ ಕಡೆಗೆ ನೀರು ಕೊಡಬೇಕಾದದ್ದು ಓಕಾನರ್. ಆತನ ಯೋಜನೆ ಹೀಗಿತ್ತು. ಪರ್ತ್ ನಗರದ ಹತ್ತಿರದ ಬೆಟ್ಟದಲ್ಲಿ, ಮಂಡೇರಿಂಗ್ ಎಂಬಲ್ಲಿ, ಹೆಲೆನಾ ನದಿಗೆ ಅಣೆಕಟ್ಟು. ಅಲ್ಲಿಂದ ಕಲ್ಗೂರ್ಲಿಯವರೆಗೆ 530 ಕಿಲೋಮೀಟರ್ ಉಕ್ಕಿನ ಪೈಪು, ವ್ಯಾಸ 30 ಇಂಚು. ದಾರಿಯಲ್ಲಿ ಎಂಟು ಪಂಪಿಂಗ್ ಸ್ಟೇಷನ್. ದಿನಕ್ಕೆ 50 ಲಕ್ಷ ಗ್ಯಾಲನ್, ಅಂದ್ರೆ ಸುಮಾರು 2 ಕೋಟಿ 27 ಲಕ್ಷ ಲೀಟರ್. ನೀರು ಒಟ್ಟಾರೆ 300 ಮೀಟರ್‌ಗಿಂತ ಹೆಚ್ಚು ಎತ್ತರ ಹತ್ತಬೇಕು. 1896ರಲ್ಲಿ ಫಾರೆಸ್ಟ್ ಇದಕ್ಕಾಗಿ 25 ಲಕ್ಷ ಪೌಂಡ್ ಸಾಲ ಎತ್ತುವ ಮಸೂದೆ ತಂದ.

ಕ್ಯಾಲ್ಕ್ಯುಲೇಟರ್ ತಗೊಳ್ಳಿ. 30 ಇಂಚಿನ ಪೈಪಿನಲ್ಲಿ ದಿನಕ್ಕೆ ಅಷ್ಟು ನೀರು ಹೋದ್ರೆ ವೇಗ ಸೆಕೆಂಡಿಗೆ ಹತ್ತಿರ ಹತ್ತಿರ 0.6 ಮೀಟರ್ ಬರುತ್ತೆ. ನಾವು ಕ್ಯಾಂಟೀನಿಗೆ ನಡೆಯೋದಕ್ಕಿಂತ ನಿಧಾನ. ಆ ಲೆಕ್ಕದಲ್ಲಿ ಅಣೆಕಟ್ಟಿನ ನೀರು ಕಲ್ಗೂರ್ಲಿ ತಲುಪೋಕೆ ಹತ್ತು ದಿನಕ್ಕೂ ಹೆಚ್ಚು ಬೇಕು. ಅದೂ ಪೈಪು ಮೊದಲೇ ತುಂಬಿದ್ರೆ. ಖಾಲಿ ಪೈಪು, ದಾರಿಯ ತೊಟ್ಟಿಗಳು ತುಂಬೋಕೆ ಇನ್ನೂ ಎಷ್ಟೋ ಕಾಲ ಬೇಕು. ಈಗ ಶುರುವಿನ ಕಥೆ ನೆನಪಿಸ್ಕೊಳ್ಳಿ. ಈ ಕಡೆ ಪಂಪ್ ಹಾಕಿ ಆ ಕಡೆ ಅವತ್ತೇ ನಲ್ಲಿ ತಿರುಗಿಸಿ ನೀರು ಬರಲಿಲ್ಲ ಅಂತ ಗಾಬರಿಯಾಗೋಕೆ ಆತನೇನು ಲೆಕ್ಕ ಬರದವನಾ? ಫ್ರಿಕ್ಷನ್ ಫ್ಯಾಕ್ಟರ್ 0.02 ಅಂತ ಹಿಡಿದು ಡಾರ್ಸಿ ಸೂತ್ರಕ್ಕೆ ಹಾಕಿದ್ರೆ, ಘರ್ಷಣೆಯಿಂದಲೇ ಇನ್ನೂ ಇನ್ನೂರು ಮೀಟರಿನ ಮೇಲೆ ಹೆಡ್ ಲಾಸ್ ಬರುತ್ತೆ. ಏರುವ ಎತ್ತರ ಒಂದು ಶತ್ರು, ಪೈಪಿನ ಒಳಮೈ ಇನ್ನೊಂದು ಶತ್ರು.

ಈ ಎರಡನೇ ಶತ್ರುವಿಗೆ ಉತ್ತರ ಕೊಟ್ಟದ್ದು ಮೆಫಾನ್ ಫರ್ಗ್ಯುಸನ್ ಕಂಡುಹಿಡಿದ ಪೈಪು. ಆ ಕಾಲದ ದೊಡ್ಡ ಉಕ್ಕಿನ ಪೈಪುಗಳಿಗೆ ರಿವೆಟ್ ಹೊಡೀತಿದ್ರು. ರಿವೆಟ್ ತೂತುಗಳಲ್ಲಿ ಸೋರಿಕೆ, ಒಳಗೆ ಚಾಚಿದ ರಿವೆಟ್ ತಲೆಗಳಿಂದ ಘರ್ಷಣೆ. ಫರ್ಗ್ಯುಸನ್ ಮಾಡಿದ್ದು ಬೇರೆ. ಅರ್ಧ ವೃತ್ತಕ್ಕೆ ಬಗ್ಗಿಸಿದ ಎರಡು ತಗಡು, ಅವುಗಳ ದಪ್ಪ ಅಂಚನ್ನು ಹೆಚ್ ಆಕಾರದ ಉದ್ದನೆ ಕಂಬಿಯ ಸಂದಿಗೆ ತೂರಿಸಿ, ಹೈಡ್ರಾಲಿಕ್ ಒತ್ತಡದಿಂದ ಅಮುಕಿ ಮುಚ್ಚೋದು. ರಿವೆಟ್ಟೇ ಇಲ್ಲ. ಲಂಡನ್ನಿನ ತಜ್ಞರ ಜೊತೆ ಕೂತು ಎಲ್ಲ ಪರಿಶೀಲಿಸಿ, ಇಷ್ಟು ದೊಡ್ಡ ಕೆಲಸದಲ್ಲಿ ಆ ಹೊಸ ಪೈಪನ್ನೇ ಬಳಸೋ ಧೈರ್ಯ ಓಕಾನರ್ ಮಾಡಿದ. ತಗಡು ಜರ್ಮನಿ ಮತ್ತು ಅಮೆರಿಕದಿಂದ ಬಂತು, ಪೈಪು ಪರ್ತ್ ಹತ್ತಿರವೇ ತಯಾರಾಯ್ತು. ಒಂದೊಂದು 28 ಅಡಿ ಉದ್ದ, ಒಟ್ಟು 60 ಸಾವಿರಕ್ಕೂ ಹೆಚ್ಚು. ಪೈಪಿಗೆ ಪೈಪು ಸೇರೋ ಕಡೆ ಕರಗಿಸಿದ ಸೀಸ ಸುರಿದು ಬಡಿದು ಬಿಗಿ ಮಾಡ್ತಿದ್ರು. ಕೈಯಲ್ಲಿ ಬಡಿಯೋದು ನಿಧಾನ ಅಂತ ಕೊನೆಗೆ ಅದಕ್ಕೂ ಒಂದು ಯಂತ್ರ ಬಂತು.

ಆ ಬಡಿಯೋ ಕೆಲಸದ ಗುತ್ತಿಗೆಯೇ ಮುಂದೆ ಆತನ ಕೊರಳಿಗೆ ಬಂತು.

ಫಾರೆಸ್ಟ್ ಇರೋವರೆಗೆ ಓಕಾನರ್‌ಗೆ ನೆರಳಿತ್ತು. 1901ರಲ್ಲಿ ಆಸ್ಟ್ರೇಲಿಯಾದ ವಸಾಹತುಗಳೆಲ್ಲ ಸೇರಿ ಒಂದು ದೇಶವಾದಾಗ ಫಾರೆಸ್ಟ್ ಕೇಂದ್ರ ರಾಜಕಾರಣಕ್ಕೆ ಹೊರಟ. ಇಲ್ಲಿ ಅದೇ ವರ್ಷ ಸರ್ಕಾರಗಳು ಒಂದರ ಹಿಂದೆ ಒಂದು ಬಿದ್ದವು. ಯೋಜನೆಯನ್ನು ಹುಚ್ಚು ಅಂತಿದ್ದವರಿಗೆ ಈಗ ಬಾಯಿ ಬಿಚ್ಚೋ ಕಾಲ. ಸೋರುತ್ತೆ, ತುಕ್ಕು ಹಿಡಿಯುತ್ತೆ, ನೀರು ಬರೋ ಹೊತ್ತಿಗೆ ಚಿನ್ನವೇ ಮುಗಿದಿರುತ್ತೆ. ಟೀಕೆ ಆದ್ರೆ ಪರವಾಗಿಲ್ಲ. ಪರ್ತ್‌ನ ಸಂಡೇ ಟೈಮ್ಸ್ ಪತ್ರಿಕೆ ಅದನ್ನೂ ದಾಟಿ, ಓಕಾನರ್ ಲಂಚ ತಿಂದಿದ್ದಾನೆ, ಜನರ ದುಡ್ಡು ನುಂಗಿದ್ದಾನೆ ಅಂತ 1902ರ ಫೆಬ್ರವರಿಯಲ್ಲಿ ನೇರವಾಗಿ ಬರೆಯಿತು. ಸರ್ಕಾರ ಆತನ ಬೆನ್ನಿಗೆ ನಿಲ್ಲೋ ಬದಲು ತನಿಖೆಗೆ ಹೊರಟಿತು.

ಇಲ್ಲಿ ಒಂದು ವಿಷಯ ಮುಚ್ಚಿಡಬಾರದು. ಆತನ ಕೈಕೆಳಗೆ ಯೋಜನೆ ನೋಡಿಕೊಳ್ತಿದ್ದ ಒಬ್ಬ ಅಧಿಕಾರಿಯ ವ್ಯವಹಾರ ಶುದ್ಧವಾಗಿರಲಿಲ್ಲ ಅಂತ ಆಮೇಲೆ ಗೊತ್ತಾಯ್ತು. ಓಕಾನರ್ ಜನರನ್ನ ನಂಬ್ತಿದ್ದ, ವಿಪರೀತ ಕೆಲಸ ಮೈಮೇಲೆ ಹಾಕ್ಕೊಂಡಿದ್ದ. ಬಂದರು, ರೈಲು, ನೀರು ಎಲ್ಲದಕ್ಕೂ ಒಬ್ಬನೇ ತಲೆ. ಎಲ್ಲವೂ ನಿನ್ನದೇ ಅನ್ನೋ ಆ ಹಳೆಯ ತಂತಿ ಹತ್ತು ವರ್ಷದಲ್ಲಿ ಹೀಗೆ ಭಾರವಾಗಿತ್ತು. ರಾತ್ರಿ ನಿದ್ದೆ ಇರಲಿಲ್ಲ.

ಮಾರ್ಚ್ 8ರಂದು ಪೈಪಿನ ಮೊದಲ, ಅತಿ ಕಷ್ಟದ ಭಾಗದಲ್ಲಿ ಪರೀಕ್ಷೆಗಾಗಿ ನೀರು ಪಂಪ್ ಮಾಡಿದರು. ಬೆಟ್ಟ ಏರಿ ನೀರು ಹೋಯ್ತು. ಪರೀಕ್ಷೆ ಪಾಸ್.

ಮಾರ್ಚ್ 10, ಸೋಮವಾರ ಬೆಳಿಗ್ಗೆ. ಆತ ದಿನಾ ಬೆಳಿಗ್ಗೆ ಕುದುರೆ ಸವಾರಿ ಹೋಗ್ತಿದ್ದ, ಸಾಮಾನ್ಯವಾಗಿ ಮಗಳೂ ಜೊತೆಗಿರ್ತಿದ್ದಳು. ಅವತ್ತು ಅವಳಿಗೆ ಹುಷಾರಿರಲಿಲ್ಲ. ಒಬ್ಬನೇ ಹೊರಟು, ತಾನು ಕಟ್ಟಿಸಿದ ಬಂದರನ್ನು ದಾಟಿ, ಫ್ರೀಮ್ಯಾಂಟಲ್‌ನ ದಕ್ಷಿಣದ ಕಡಲತೀರಕ್ಕೆ ಹೋದ. ಅಲ್ಲಿ ತನ್ನ ಜೀವ ತಾನೇ ತೆಗೆದುಕೊಂಡ. 59 ವರ್ಷ.

ಮನೆಯಲ್ಲಿ ಒಂದು ಚೀಟಿ ಸಿಕ್ಕಿತು. ಆರೋಪ, ತನಿಖೆಗಳ ನಡುವೆ ಕೆಲಸ ಮಾಡೋದು ಅಸಾಧ್ಯವಾಗಿದೆ, ನನ್ನ ಯೋಚನೆಗಳ ಮೇಲೆ ನನಗೇ ಹಿಡಿತ ತಪ್ಪುತ್ತಿದೆ ಅನ್ನೋ ಭಾವದ ಮಾತು ಅದರಲ್ಲಿತ್ತು. ಜೊತೆಗೆ, ಕೂಲ್ಗಾರ್ಡಿ ಯೋಜನೆ ಸರಿಯಾಗಿಯೇ ಇದೆ, ಅವಕಾಶ ಸಿಕ್ಕಿದ್ರೆ ನಾನೇ ಮುಗಿಸ್ತಿದ್ದೆ ಅಂತಲೂ ಬರೆದಿದ್ದ. ಎಲ್ಲದರ ಕೆಳಗೆ ಒಂದು ಸೇರ್ಪಡೆ: ಹೆಲೆನಾ ಅಣೆಕಟ್ಟಿನ ಪಕ್ಕದ ರೆಕ್ಕೆಗೋಡೆಗಳನ್ನು ತಡಮಾಡದೆ ಕಟ್ಟಿಸಿ.

ನಾನು ಈ ಸಾಲಿನ ಹತ್ತಿರ ಬಹಳ ಹೊತ್ತು ನಿಂತೆ. ಇದನ್ನು ವೀರಮರಣ ಅಂತ ಹೊಗಳೋದು ಬೇಡ. ತನ್ನ ತಲೆ ಕೆಡ್ತಿದೆ ಅಂತ ತಾನೇ ಹೇಳ್ತಿದ್ದ ಮನುಷ್ಯನಿಗೆ ಬೇಕಿದ್ದಿದ್ದು ರಜೆ, ಡಾಕ್ಟರು, ಜೊತೆಗೆ ಕೂರೋ ನಾಲ್ಕು ಜನ. ಯಾರೂ ಕೊಡಲಿಲ್ಲ, ಆತನೂ ಕೇಳಲಿಲ್ಲ. ಆದ್ರೆ ಒಂದು ಮಾತು ಸ್ಪಷ್ಟ. ನೀರು ಬರಲ್ಲ ಅಂತ ಹೆದರಿದವನು ರೆಕ್ಕೆಗೋಡೆ ಕಟ್ಟಿಸಿ ಅಂತ ಬರೆಯಲ್ಲ. ನೀರು ಬರುತ್ತೆ ಅಂತ ಗೊತ್ತಿದ್ದವನು ಬರೀತಾನೆ.

ತನಿಖಾ ಆಯೋಗಕ್ಕೆ ಓಕಾನರ್ ಲಂಚ ತಿಂದ ಅನ್ನೋದಕ್ಕೆ ಯಾವ ಆಧಾರವೂ ಸಿಗಲಿಲ್ಲ. ಉಳಿದ ಕೆಲಸವನ್ನು ಅದೇ ಇಲಾಖೆಯವರು ಅದೇ ನಕ್ಷೆ ಹಿಡಿದು ಮುಗಿಸಿದರು. 1903ರ ಜನವರಿ 22ರಂದು ಮಂಡೇರಿಂಗ್‌ನಲ್ಲಿ ಪಂಪ್ ಉದ್ಘಾಟನೆ, 24ರಂದು ಉರಿಬಿಸಿಲಿನಲ್ಲಿ ಕೂಲ್ಗಾರ್ಡಿ, ಕಲ್ಗೂರ್ಲಿಗಳಲ್ಲಿ ಸಮಾರಂಭ. ಫಾರೆಸ್ಟ್ ಬಂದು ನೀರು ಬಿಟ್ಟ, ಸತ್ತ ಗೆಳೆಯನನ್ನು ನೆನೆದ.

ಈಗ ನೆನಪಿನ ವಿಷಯ. 1911ರಲ್ಲಿ ಫ್ರೀಮ್ಯಾಂಟಲ್ ಬಂದರಿನಲ್ಲಿ ಪಿಯೆಟ್ರೊ ಪೊರ್ಚೆಲಿ ಮಾಡಿದ ಓಕಾನರ್ ಕಂಚಿನ ಪ್ರತಿಮೆ ಎದ್ದಿತು. 1929ರಲ್ಲಿ ಕಲ್ಗೂರ್ಲಿಯಲ್ಲಿ ಹ್ಯಾನನ್ ಪ್ರತಿಮೆ ಬಂತು. ಕೂತಿರೋ ಮುದುಕ, ಕೈಯಲ್ಲಿ ನೀರಿನ ಚೀಲ, ಆ ಚೀಲದಿಂದಲೇ ದಾರಿಹೋಕರಿಗೆ ಕುಡಿಯೋ ನೀರು. ಚಿನ್ನ ಕಂಡವನ ಕೈಯಲ್ಲಿ ಚಿನ್ನದ ಬದಲು ನೀರು ಇಟ್ಟ ಶಿಲ್ಪಿ ಆ ಊರನ್ನ ಚೆನ್ನಾಗಿ ಅರ್ಥ ಮಾಡ್ಕೊಂಡಿದ್ದ. ಆ ನೀರು ಊರಿಗೆ ಬರೋದು ಓಕಾನರ್ ಪೈಪಿನಿಂದ. ಒಬ್ಬ ಐರಿಶ್ ವಲಸಿಗನ ಚೀಲಕ್ಕೆ ಇನ್ನೊಬ್ಬ ಐರಿಶ್ ವಲಸಿಗ ನೀರು ತುಂಬಿಸ್ತಾ ಇದ್ದಾನೆ. ಓಕಾನರ್ ಹೆಸರಿನಲ್ಲಿ ಒಂದು ಬಡಾವಣೆ ಇದೆ, ಸಂಸತ್ತಿನ ಒಂದು ಕ್ಷೇತ್ರವೂ ಇದೆ. ಬಂದರು, ಪೈಪ್‌ಲೈನ್ ಎರಡೂ ಇನ್ನೂ ಕೆಲಸ ಮಾಡ್ತಿವೆ. ಉಪ್ಪುಮಣ್ಣಿನಲ್ಲಿ ಹೂತಿದ್ದ ಪೈಪು ತುಕ್ಕು ಹಿಡಿದಿದ್ರಿಂದ ಮುಂದೆ ಬಹುಪಾಲನ್ನು ನೆಲದ ಮೇಲಕ್ಕೆ ಎತ್ತಬೇಕಾಯ್ತು. ಟೀಕಾಕಾರರ ಆ ಒಂದು ಮಾತು ನಿಜವಾಯ್ತು ಅಂತ ಒಪ್ಪಬೇಕು. ಇನ್ನೊಂದು ಎಡವಟ್ಟು, ಆತ ಸತ್ತ ಮೇಲಿನದು: ಅಣೆಕಟ್ಟಿಗೆ ಹೆಚ್ಚು ನೀರು ಬರಲಿ ಅಂತ ಜಲಾನಯನದ ಮರಗಳ ತೊಗಟೆ ಕೆತ್ತಿ ಒಣಗಿಸಿದರು. ನೀರಿನ ಜೊತೆ ನೆಲದ ಉಪ್ಪೂ ಏರಿಬಂತು. ಆಮೇಲೆ ಮತ್ತೆ ಮರ ಬೆಳೆಸೋ ಕೆಲಸ.

ಮೂರು ಕಥೆಗಳು ಉಳಿದಿವೆ. ಒಂದು, ನಲ್ಲಿಯ ಕಥೆ. ಅದು ಯಾಕೆ ಸಾಯಲ್ಲ ಅಂದ್ರೆ, ಅದರಲ್ಲಿ ಬೇರೆ ಯಾರದ್ದೂ ತಪ್ಪಿಲ್ಲ. ಪತ್ರಿಕೆ ಇಲ್ಲ, ಸರ್ಕಾರ ಇಲ್ಲ, ಸುಮ್ಮನಿದ್ದ ಜನ ಇಲ್ಲ. ತಾಳ್ಮೆ ಇಲ್ಲದ ಒಬ್ಬ ಇಂಜಿನಿಯರ್, ತಡವಾಗಿ ಬಂದ ನೀರು, ಅಷ್ಟೇ. ಎರಡನೆಯದು ಕಡತಗಳಲ್ಲಿರೋ ಕಥೆ, ಮೇಲೆ ಹೇಳಿದ್ದು.

ಮೂರನೆಯದು ಆ ನೆಲದ ನೂಂಗಾರ್ ಜನ ಹೇಳೋದು. ಅವರಿಗೆ ಫ್ರೀಮ್ಯಾಂಟಲ್ ಅಂದ್ರೆ ವಾಲ್ಯಾಲಪ್, ಸ್ವಾನ್ ನದಿ ಅಂದ್ರೆ ಡರ್ಬಾಲ್ ಯೆರಿಗನ್. ನದಿಯ ಬಾಯಲ್ಲಿದ್ದ ಆ ಬಂಡೆಯ ಗೋಡೆ ಅವರಿಗೆ ಅಡ್ಡಿಯಾಗಿರಲಿಲ್ಲ, ಈ ದಡದಿಂದ ಆ ದಡಕ್ಕೆ ಹೋಗೋ ದಾರಿಯಾಗಿತ್ತು, ಪವಿತ್ರ ಜಾಗವೂ ಆಗಿತ್ತು. ಓಕಾನರ್ ಅದನ್ನು ಸಿಡಿಸಿದ. ಅದಕ್ಕೆ ಹಿರಿಯರು ಆತನ ಮೇಲೆ ಹಾಡು ಹಾಡಿದರು, ಆ ಹಾಡೇ ಆತನ ಮನಸ್ಸು ಕೆಡಿಸಿ ಸಮುದ್ರಕ್ಕೆ ಕರೆದೊಯ್ಯಿತು ಅನ್ನೋದು ಅವರ ಕಥೆ. ನಂಬೋದು ಬಿಡೋದು ಬೇರೆ ಪ್ರಶ್ನೆ. ಆದ್ರೆ ಆ ಬಂದರಿನ ಕೆಳಗೆ ಏನಿತ್ತು ಅಂತ ನೆನಪಿಟ್ಟುಕೊಂಡಿರೋದು ಮೂರರಲ್ಲಿ ಈ ಕಥೆ ಒಂದೇ. ಜಮೀನು ಹೋಗೋದು ಅಂದ್ರೇನು ಅಂತ ಮಗುವಾಗಿದ್ದಾಗಲೇ ಕಂಡವನು, ಇನ್ನೊಂದು ಜನಾಂಗದ ದಾರಿಯ ಮೇಲೆ ಸಿಡಿಮದ್ದು ಇಡುವಾಗ ಅದನ್ನ ಯೋಚಿಸಿದ್ನಾ? ಆತನ ನಕ್ಷೆಗಳಲ್ಲಿ ಅದು ಬರೀ ಕಲ್ಲು.

ಮಗಳು ಕ್ಯಾಥ್ಲೀನ್ ಪ್ಯಾರಿಸ್‌ಗೆ ಹೋಗಿ ಹೆಸರಾಂತ ಚಿತ್ರಕಲಾವಿದೆಯಾದಳು, ದಶಕಗಟ್ಟಲೆ ಅಲ್ಲೇ ಇದ್ದಳು. ಎರಡನೇ ಮಹಾಯುದ್ಧದ ನಂತರ ತನ್ನ ಚಿತ್ರಗಳನ್ನು ಹೊತ್ತು ಫ್ರೀಮ್ಯಾಂಟಲ್‌ಗೆ ಮರಳಿದಾಗ, ಅಪ್ಪ ಕಟ್ಟಿದ ಬಂದರಿನಲ್ಲೇ ಕಸ್ಟಮ್ಸ್‌ನವರು ಅವುಗಳ ಮೇಲೆ ಸುಂಕ ಕೇಳಿದರು. ಅಷ್ಟು ದುಡ್ಡು ಕಟ್ಟಲಾಗದೆ ಆಕೆ ಎಷ್ಟೋ ಚಿತ್ರಗಳನ್ನು ಅಲ್ಲೇ ಹಾಳುಮಾಡಿದಳು.

ಓಕಾನರ್ ಸತ್ತ ಕಡಲತೀರಕ್ಕೆ ಈಗ ಆತನದೇ ಹೆಸರು. ದಡದಿಂದ ಸುಮಾರು 30 ಮೀಟರ್ ಒಳಗೆ, ನೀರಿನಲ್ಲಿ, ಕುದುರೆ ಮೇಲೆ ಕೂತ ಮನುಷ್ಯನ ಒಂದು ಶಿಲ್ಪ ಇದೆ. ಟೋನಿ ಜೋನ್ಸ್ ಎಂಬ ಶಿಲ್ಪಿ 1999ರಲ್ಲಿ ನಿಲ್ಲಿಸಿದ್ದು. ಅದಕ್ಕೆ ಪೀಠ ಇಲ್ಲ. ಅಲೆ ಬಂದಾಗ ಕುದುರೆ ಒದ್ದೆಯಾಗುತ್ತೆ, ಹಕ್ಕಿಗಳು ಬಂದು ಸವಾರನ ತಲೆ ಮೇಲೆ ಕೂರ್ತಾವೆ, ಉಪ್ಪುನೀರು ಅದನ್ನ ದಿನಾ ಸ್ವಲ್ಪ ಸ್ವಲ್ಪ ತಿಂತಾ ಇದೆ.